ಆಟ ಮುಗಿದ ಮೇಲೆ ಆಟಗಾರನಿಗೆ ಯಾವ ಜಾಗ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಕಣದಿಂದ ನಿವೃತ್ತನಾದ ಪೈಲ್ವಾನ ಮುಂದೇನು ಮಾಡಬೇಕು ಎಂಬ ಪ್ರಶ್ನೆಗೆ ಊರೇ ಒಂದು ಉತ್ತರ ಇಟ್ಟುಕೊಂಡಿದೆ. ಆತ ವಸ್ತಾದನಾಗುತ್ತಾನೆ. ನಸುಕಿನಲ್ಲೇ ಗರಡಿಮನೆಗೆ ಬಂದು, ಹನುಮಪ್ಪನಿಗೆ ಕೈಮುಗಿದು ಕೆಂಪು ಮಣ್ಣಿಗಿಳಿಯುವ ಹುಡುಗರಿಗೆ ಪಟ್ಟು ಹೇಳಿಕೊಡುತ್ತಾನೆ. ಸಂಬಳದ ಮಾತು ಅಲ್ಲಿಲ್ಲ. ಆದರೆ ಜಾತ್ರೆಯ ಕುಸ್ತಿಯಲ್ಲಿ ಶಿಷ್ಯ ಗೆದ್ದರೆ, ಯಾರ ಗರಡಿಯ ಹುಡುಗ ಎಂದು ಜನ ಕೇಳಿಯೇ ಕೇಳುತ್ತಾರೆ.

ವೃತ್ತಿಪರ ಫುಟ್‌ಬಾಲ್ ಆಟಗಾರನಿಗೆ ಇಂಥ ಸಿದ್ಧ ಜಾಗವಿಲ್ಲ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರನ್ನೇ ನೆನೆಯಬಹುದು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದ ಅವರು, 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಗಳಿಸಿದರು. ಜೆಸಿಟಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದಾಗ ಅದರ ಮಧ್ಯರಂಗದಲ್ಲಿದ್ದರು. ಭಾರತ ತಂಡದ ನಾಯಕರೂ ಆದರು. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಲೀಗ್ ಗೆದ್ದಿತು. ಅದೇ ವರ್ಷ ಅವರು ವೃತ್ತಿಪರ ಆಟ ನಿಲ್ಲಿಸಿದರು.

ಬಳಿಕ ಅವರು ಮರಳಿದ್ದು ತಮ್ಮನ್ನು ರೂಪಿಸಿದ ಟಾಟಾ ಅಕಾಡೆಮಿಗೇ, ಈ ಬಾರಿ ತರಬೇತುದಾರರಾಗಿ. ಅಲ್ಲಿಂದ ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ದೋ, ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ಕೋಯಿಕ್ಕೋಡಿನ ಕ್ವಾರ್ಟ್ಜ್. ಭಾರತದ ಫುಟ್‌ಬಾಲ್ ತರಬೇತುದಾರನ ಬದುಕೆಂದರೆ ಹೀಗೆಯೇ, ಒಪ್ಪಂದದಿಂದ ಒಪ್ಪಂದಕ್ಕೆ, ಊರಿನಿಂದ ಊರಿಗೆ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ನಿಧನರಾದಾಗ ಚಾಪ್‌ಮನ್ ಅವರಿಗೆ ಕೇವಲ 49 ವರ್ಷ.

ಹಾಗೆಂದು ಗರಡಿಯನ್ನು ಸುಮ್ಮನೆ ಹೊಗಳಬೇಕಿಲ್ಲ. ಗೌರವದಿಂದ ಹೊಟ್ಟೆ ತುಂಬುವುದಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರಂತೆ ಪೈಲ್ವಾನರನ್ನು ಸಾಕುತ್ತಿದ್ದ ಅರಸರ ಕಾಲ, ಸಂಸ್ಥಾನಗಳು ವಿಲೀನಗೊಂಡ 1948-49ರಲ್ಲೇ ಮುಗಿಯಿತು. ಈಗ ಸರ್ಕಾರಿ ತರಬೇತುದಾರನ ಹುದ್ದೆಗೆ ಕೇಳುವುದು 1961ರಲ್ಲಿ ಸ್ಥಾಪನೆಯಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾವನ್ನು. ಅದಿಲ್ಲದ ವಸ್ತಾದ ಎಷ್ಟೇ ಮಲ್ಲರನ್ನು ತಯಾರು ಮಾಡಿರಲಿ, ಕಡತದಲ್ಲಿ ಆತ ಅನರ್ಹ.

ಡಿಪ್ಲೊಮಾ ಕೇಳುವುದರಲ್ಲಿ ಅರ್ಥವಿಲ್ಲವೆಂದಲ್ಲ. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿದರಾಯಿತು, ಹೊಂಚು ಹಾಕಿ ಕಾಯಲು ಅವಕಾಶವುಂಟು. ಮ್ಯಾಟ್ ಮೇಲೆ ಮೂರು ನಿಮಿಷಗಳ ಎರಡು ಸುತ್ತು, ಹಿಡಿತ ಹಿಡಿತಕ್ಕೂ ಅಂಕ, ದೇಹತೂಕದ ಕಟ್ಟುನಿಟ್ಟು. ಮಣ್ಣನ್ನಷ್ಟೇ ಬಲ್ಲ ಗುರು ಅಲ್ಲಿ ಶಿಷ್ಯನನ್ನು ಸೋಲಿಸಿಬಿಡಬಹುದು. ಫುಟ್‌ಬಾಲಿನಲ್ಲೂ ಅಷ್ಟೇ: ಕಾಲಿನ ಜಾಣ್ಮೆ ಇದ್ದವರಿಗೆಲ್ಲ ಕಲಿಸುವ ತಾಳ್ಮೆ ಇರುವುದಿಲ್ಲ. ಆದರೆ ಕೊರತೆಯಿದ್ದರೆ ತುಂಬಿಕೊಡಬೇಕೇ ಹೊರತು ಬಾಗಿಲು ಹಾಕುವುದು ಯಾವ ನ್ಯಾಯ?

ಕ್ರೀಡಾ ಇಲಾಖೆ ಮಾಜಿ ಆಟಗಾರರಿಗಾಗಿ ಕನ್ನಡದಲ್ಲೇ ಕಿರು ಅವಧಿಯ ಶಿಕ್ಷಣವನ್ನು ಜಿಲ್ಲಾ ಕೇಂದ್ರಗಳಲ್ಲಿ ನಡೆಸಬಹುದು. ಗಾಯದ ಆರೈಕೆ, ಮಕ್ಕಳ ಆಹಾರ, ಹೊಸ ನಿಯಮ ಇಷ್ಟು ಕಲಿಸಿ, ಶಾಲೆಗಳಿಗೆ ಅವರನ್ನು ಕಳುಹಿಸಬಹುದು. ಅತಿಥಿ ಉಪನ್ಯಾಸಕರಿಂದ ಕಾಲೇಜುಗಳನ್ನು ನಡೆಸುವ ಸರ್ಕಾರಕ್ಕೆ ಅತಿಥಿ ತರಬೇತುದಾರನ ಕಲ್ಪನೆ ಹೊಸದೇನೂ ಆಗಲಾರದು. ಗೌರವಧನ ಮಾತ್ರ ತಿಂಗಳು ತಪ್ಪದೆ ಕೈಸೇರಬೇಕು.