ಸಿಂಹ ಬಿಟ್ಟುಹೋದದ್ದು

ಚನ್ನಪಟ್ಟಣವೆಂದೊಡನೆ ನೆನಪಾಗುವುದು ಅರಗಿನ ಬಣ್ಣದ ಮರದ ಗೊಂಬೆಗಳು. ರಾಮನಗರವೆಂದರೆ ರೇಷ್ಮೆಗೂಡು, ‘ಶೋಲೆ’ಯ ಬಂಡೆಗಳು. ಸಿ.ಆರ್. ಸಿಂಹ ಅವರ ಹೆಸರಿನ ಮೊದಲಕ್ಷರವೂ ಚನ್ನಪಟ್ಟಣವೇ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. 1942ರಲ್ಲಿ ಅಲ್ಲಿ ಜನಿಸಿದ ಚನ್ನಪಟ್ಟಣ ರಾಮಸ್ವಾಮಿ ಸಿಂಹ ರಂಗನಟರಾಗಿ ಬೆಳೆದದ್ದು ಬೆಂಗಳೂರಿನಲ್ಲಿ. ಸರ್ಕಾರಿ ಕಡತಗಳಲ್ಲಿ ಆ ತಾಲ್ಲೂಕಿನ ಜಿಲ್ಲೆ ಹಲವು ಬಾರಿ ಬದಲಾಗಿದೆ. ಅವರ ಹೆಸರಿನೊಳಗಿನ ಊರು ಬದಲಾಗಲಿಲ್ಲ.

ಕಿರಿಯರು ಅವರನ್ನು ಬಲ್ಲುದು ಸಿನಿಮಾದಿಂದ. ಅವರು ನಟಿಸಿದ ಚಿತ್ರಗಳು ನೂರಕ್ಕೂ ಹೆಚ್ಚು. ಮಾಸ್ತಿಯವರ ‘ಕಾಕನಕೋಟೆ’ಯನ್ನು ಲೋಕೇಶ್ ಅವರ ನಾಯಕತ್ವದಲ್ಲಿ ಸ್ವತಃ ತೆರೆಗೆ ತಂದರು. ತಮ್ಮ ಶ್ರೀನಾಥ್ ‘ಪ್ರಣಯರಾಜ’ರಾದರೆ, ಅಣ್ಣನಿಗೆ ಸಿಕ್ಕಿದ್ದು ಬಹುಪಾಲು ಖಳನ ಅಥವಾ ಪೋಷಕನಟನ ಪಾತ್ರ. ಚಿತ್ರರಂಗವು ಅವರ ಶಕ್ತಿಯ ಕಾಲುಭಾಗವನ್ನೂ ಬಳಸಿಕೊಳ್ಳಲಿಲ್ಲವೆಂದೇ ನನ್ನ ಎಣಿಕೆ.

ಉಳಿದ ಮುಕ್ಕಾಲು ಭಾಗವನ್ನು ನಾನು ಕಂಡದ್ದು ರಂಗದ ಮೇಲೆ. 1972ರಲ್ಲಿ ಸಿಂಹ ‘ನಟರಂಗ’ವನ್ನು ಕಟ್ಟಿದರು. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಲ್ಲಿ ಅವರೇ ಸುಲ್ತಾನ. ಆಗ ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ ತುಘಲಕನ ಪ್ರಯೋಗ ಪಠ್ಯದಲ್ಲಿ ಅರ್ಧ ಪುಟದ ಸಂಗತಿ: ಖೋಟಾ ನಾಣ್ಯ ಹೆಚ್ಚಿತು, ಜನ ನಂಬಿಕೆ ಕಳೆದುಕೊಂಡರು, ಯೋಜನೆ ಮುಗ್ಗರಿಸಿತು. ಸಿಂಹ ಆ ಸುಲ್ತಾನನನ್ನು ಹುಚ್ಚನನ್ನಾಗಿಸಲಿಲ್ಲ. ತನ್ನ ಲೆಕ್ಕಾಚಾರ ಸರಿಯೆಂದೇ ನಂಬಿದ, ಜನರೇಕೆ ತನ್ನನ್ನು ನಂಬುವುದಿಲ್ಲವೆಂದು ಅರಿಯದ ಬುದ್ಧಿವಂತನನ್ನಾಗಿಸಿದರು. ಆ ತುಂಬು ಕಂಠ ಇದ್ದಕ್ಕಿದ್ದಂತೆ ತಗ್ಗಿದಾಗ ಸಭಾಂಗಣವೇ ಮುಂದಕ್ಕೆ ಬಾಗುತ್ತಿತ್ತು. ಮುಂದೆ ಮೂರು ದಶಕ ಕಡತಗಳ ನಡುವೆ ಕಳೆದ ನನಗೆ, ಜನರ ವಿಶ್ವಾಸವಿಲ್ಲದೆ ಹೊರಟ ಆದೇಶಗಳನ್ನು ಕಂಡಾಗಲೆಲ್ಲ ಆ ದನಿ ಕೇಳಿಸುತ್ತಿತ್ತು.

1983ರಲ್ಲಿ ‘ವೇದಿಕೆ’ಯನ್ನು ಸ್ಥಾಪಿಸಿ ‘ಟಿಪಿಕಲ್ ಟಿ.ಪಿ. ಕೈಲಾಸಂ’ ಎಂಬ ಏಕವ್ಯಕ್ತಿ ನಾಟಕವನ್ನಾಡಿದರು. ನಾಟಕಗಳನ್ನು ಬರೆಯುವುದಕ್ಕಿಂತ ಬಾಯಲ್ಲಿ ಹೇಳಿ ಬರೆಸುತ್ತಿದ್ದ, ಮಾತನ್ನೇ ಬದುಕಾಗಿಸಿಕೊಂಡಿದ್ದ ಕೈಲಾಸಂ ಅವರಿಗೆ ಸಿಂಹರಿಗಿಂತ ತಕ್ಕ ಶರೀರ ದೊರೆಯುತ್ತಿತ್ತೇ? ಈ ನಾಟಕ ವಿದೇಶಗಳಿಗೂ ಹೋಯಿತು. ಬಳಿಕ ಕುವೆಂಪು ಆಗಿಯೂ ಅವರು ರಂಗವನ್ನೇರಿದರು. 2003ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು.

ಸಿಂಹ ತೀರಿಕೊಂಡದ್ದು 2014ರ ಫೆಬ್ರವರಿಯಲ್ಲಿ. ಪತ್ರಿಕೆಯಲ್ಲಿ ಭಾವಚಿತ್ರ ನೋಡಿದ ನೆರೆಮನೆಯ ಹುಡುಗ, ‘ಇವರು ಯಾವ ಸಿನಿಮಾದ ವಿಲನ್, ಅಂಕಲ್?’ ಎಂದು ಕೇಳಿದ. ಒಂದೆರಡು ಚಿತ್ರಗಳ ಹೆಸರು ಹೇಳಿದೆ. ಅವನು ಅಂದೇ ಹುಡುಕಿ ನೋಡಿದ. ತುಘಲಕನ ವಿಷಯವನ್ನೂ ಹೇಳಹೊರಟೆ. ಎಲ್ಲಿ ನೋಡಬಹುದು ಎಂದ. ನನ್ನಲ್ಲಿ ಉತ್ತರವಿರಲಿಲ್ಲ.