ದಂಡ ಕಟ್ಟಿದ ಮೇಲೂ ಉಳಿಯುವ ಕೇಸು

ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಲ್ಲಿ ಇಬ್ಬರು ಯುವಕರಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬ ಕಾಲುವೆ ನೀರಿನ ಪಾಳಿಗಾಗಿ ಜಗಳ ತೆಗೆದು ಪಕ್ಕದ ಹೊಲದವನ ಕೆನ್ನೆಗೆ ಬಾರಿಸಿದ, ಬಾಯಿಗೆ ಬಂದಂತೆ ಬೈದ. ಇನ್ನೊಬ್ಬ ದೀಪಾವಳಿಯ ರಾತ್ರಿ ಗುಡಿಕಟ್ಟೆಯ ಮೇಲೆ ಗೆಳೆಯರ ಜೊತೆ ಕೂತು ಅಂದರ್ ಬಾಹರ್ ಆಡಿದ. ಪೊಲೀಸರು ಬಂದು ಇಸ್ಪೀಟು ಎಲೆ, ಪಣಕ್ಕಿಟ್ಟ ಹಣ ಜಪ್ತಿ ಮಾಡಿ ಎಲ್ಲರ ಮೇಲೂ ಕಲಂ 87 ಕೆ.ಪಿ. ಆ್ಯಕ್ಟ್, ಅಂದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕೆಳಗೆ ಕೇಸು ಬರೆದರು. ಮೊದಲನೆಯವನ ಕೇಸಿನಲ್ಲಿ ಪೆಟ್ಟು ತಿಂದವನೊಬ್ಬನಿದ್ದಾನೆ. ಊರ ಹಿರಿಯರು ಕೂಡಿಸಿ ಮಾತಾಡಿದರೆ ಅವನು ರಾಜಿಗೆ ಒಪ್ಪಬಹುದು. ಬರಿಗೈಯಲ್ಲಿ ಹೊಡೆದ ಸಣ್ಣ ಪೆಟ್ಟಿಗೂ ಬೈಗುಳಕ್ಕೂ ಕಾನೂನು ರಾಜಿಯನ್ನು ಒಪ್ಪುತ್ತದೆ, ಮತ್ತು ರಾಜಿಯಾದ ಕೇಸಿನ ಫಲ ಖುಲಾಸೆಗೆ ಸಮ. ಎರಡನೆಯವನಿಗೆ ರಾಜಿ ಮಾಡಿಕೊಳ್ಳಲು ಎದುರಾಳಿಯೇ ಇಲ್ಲ, ಅವನ ಎದುರು ಇರುವುದು ಸರ್ಕಾರ. ನ್ಯಾಯಾಲಯದಲ್ಲಿ ಹೆಸರು ಕೂಗುತ್ತಾರೆ, ನ್ಯಾಯಾಧೀಶರು ‘ತಪ್ಪು ಒಪ್ಪಿಕೊಳ್ತೀಯಾ?’ ಎಂದು ಕೇಳುತ್ತಾರೆ, ಅವನು ‘ಹೌದು ಸ್ವಾಮಿ’ ಎನ್ನುತ್ತಾನೆ, ದಂಡ ಕಟ್ಟಿ ರಸೀದಿ ತಗೊಂಡು ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಾನೆ. ಕೇಸು ಮುಗಿಯಿತು ಎಂದು ಅವನ ಎಣಿಕೆ. ಕಾನೂನಿನ ಕಣ್ಣಿಗೆ ಅವನು ಅಂದಿನಿಂದ ಅಪರಾಧ ಸಾಬೀತಾದವನು. ತಾನಾಗಿ ತಪ್ಪೊಪ್ಪಿಕೊಂಡದ್ದರಿಂದ, ನಾನು ದೋಷಿಯಲ್ಲ ಎಂದು ಮೇಲ್ಮನವಿ ಹಾಕುವ ದಾರಿಯೂ ಮುಚ್ಚಿತು. ಬಹಳವಾದರೆ ಶಿಕ್ಷೆಯ ಪ್ರಮಾಣವನ್ನೋ ಅದರ ಸಕ್ರಮತೆಯನ್ನೋ ಪ್ರಶ್ನಿಸಬಹುದು.

ನಾಲ್ಕು ವರ್ಷ ಕಳೆದು ಅವನು ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೋ ಸೆಕ್ಯುರಿಟಿ ಕೆಲಸಕ್ಕೋ ಅರ್ಜಿ ಹಾಕಿದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಅರ್ಜಿಯಲ್ಲೊಂದು ಕಾಲಂ: ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ, ಶಿಕ್ಷೆಯಾಗಿತ್ತೇ? ಹೊಡೆದವನು ‘ಖುಲಾಸೆ’ ಎಂದು ಬರೆಯಬಹುದು. ಅವನ ದಾರಿಯೂ ಪೂರ್ತಿ ಸಲೀಸಲ್ಲ ಎನ್ನಿ, ಆದರೂ ಬರೆಯಲು ಅಷ್ಟಾದರೂ ಇದೆ. ಇಸ್ಪೀಟು ಆಡಿದವನು ‘ಹೌದು’ ಎಂದರೆ ಕೆಲಸ ಹೋದೀತೆಂಬ ಹೆದರಿಕೆ, ‘ಇಲ್ಲ’ ಎಂದರೆ ಸುಳ್ಳು ಹೇಳಿದ ಇನ್ನೊಂದು ತಪ್ಪು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೆ ನೇಮಕ ಮಾಡುವವರು ಅದನ್ನು ಕಡೆಗಣಿಸಬಹುದು ಎಂದಿತು. ಅದಕ್ಕೂ ಮೊದಲು, 2011ರ ಸಂದೀಪ್ ಕುಮಾರ್ ತೀರ್ಪಿನಲ್ಲಿ, ಹಸಿವಿಗೆ ರೊಟ್ಟಿ ಕದ್ದು ಬದುಕಿಡೀ ಕಳ್ಳನ ಹಣೆಪಟ್ಟಿ ಹೊತ್ತ ವಿಕ್ಟರ್ ಹ್ಯೂಗೋನ ಜೀನ್ ವಾಲ್‌ಜೀನ್‌ನನ್ನೇ ನ್ಯಾಯಮೂರ್ತಿಗಳು ನೆನೆದಿದ್ದರು. ಒಳ್ಳೆಯ ಮಾತುಗಳೇ. ಆದರೆ ‘ಕಡೆಗಣಿಸಬಹುದು’ ಎಂಬುದು ಅಧಿಕಾರಿಯ ವಿವೇಚನೆಗೆ ಬಿಟ್ಟ ಮಾತು, ಅಭ್ಯರ್ಥಿಯ ಹಕ್ಕಲ್ಲ.

ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥವರು ಇಷ್ಟು ವರ್ಷ ಕಳೆದ ಮೇಲೆ ದಾಖಲೆ ಅಳಿಸಿಕೊಡಿ ಎಂದು ನ್ಯಾಯಾಲಯವನ್ನು ಕೇಳಬಹುದು. ಬ್ರಿಟನ್ನಿನ 1974ರ ಪುನರ್ವಸತಿ ಕಾಯ್ದೆ ದಾಖಲೆಯನ್ನು ಅಳಿಸುವುದಿಲ್ಲ, ಆದರೆ ಅದಕ್ಕೊಂದು ಅವಧಿ ಕಟ್ಟುತ್ತದೆ: ಇಂಗ್ಲೆಂಡಿನಲ್ಲಿ ಬರೀ ದಂಡ ಕಟ್ಟಿದ ವಯಸ್ಕ ಒಂದು ವರ್ಷದ ನಂತರ, ಸಾಮಾನ್ಯ ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನು ಹೇಳಬೇಕಾಗಿಲ್ಲ. ಭಾರತದಲ್ಲಿ ವಯಸ್ಕರಿಗೆ ಈ ಎರಡರಲ್ಲಿ ಒಂದೂ ಇಲ್ಲ. ಹಾಗೆಂದು ಕಾಲ ಕಳೆದಂತೆ ಕಳಂಕ ಕಳೆಯಬೇಕು ಎಂಬ ವಿಚಾರ ನಮ್ಮ ಕಾನೂನಿಗೆ ಪರಕೀಯವೇನಲ್ಲ. ಪಾಸ್‌ಪೋರ್ಟ್ ಕಾಯ್ದೆ ಹಿಂದಿನ ಐದು ವರ್ಷದಲ್ಲಿ ಆದ ಶಿಕ್ಷೆಯನ್ನು ಮಾತ್ರ ನೋಡುತ್ತದೆ, ಅದೂ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ. ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದ ರಾಜಕಾರಣಿ ಬಿಡುಗಡೆಯಾಗಿ ಆರು ವರ್ಷಕ್ಕೆ ಮತ್ತೆ ಚುನಾವಣೆಗೆ ನಿಲ್ಲಬಹುದು. ಗಣಿ ಕೇಸುಗಳನ್ನು ನೋಡಿದ ಬಳ್ಳಾರಿಯವರಿಗೆ ಈ ಕಲಂ ಬಾಯಿಪಾಠವಾಗಿರಬೇಕು. ಶಾಸನ ಮಾಡುವವನ ಅಪರಾಧಕ್ಕೆ ವಾಯಿದೆ ಉಂಟು, ಗುಡಿಕಟ್ಟೆಯ ಇಸ್ಪೀಟಿಗೆ ಇಲ್ಲ.

ಮಕ್ಕಳ ವಿಷಯದಲ್ಲಂತೂ ನಮ್ಮ ಕಾನೂನು ಇನ್ನೂ ಮುಂದೆ ಹೋಗಿದೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, ಹದಿನೆಂಟರೊಳಗಿನವರ ತಪ್ಪು ಸಾಬೀತಾದರೂ ಅದರಿಂದ ಯಾವ ಅನರ್ಹತೆಯೂ ಅಂಟಕೂಡದು, ನಿಗದಿತ ಕಾಲದ ನಂತರ ದಾಖಲೆಯನ್ನು ನಾಶ ಮಾಡಬೇಕು. 2016ರ ಮಾದರಿ ನಿಯಮಗಳು ಆ ಕಾಲವನ್ನು ಹೆಚ್ಚೆಂದರೆ ಏಳು ವರ್ಷ ಎನ್ನುತ್ತವೆ. ಹದಿನಾರು ದಾಟಿ ಘೋರ ಅಪರಾಧ ಮಾಡಿ, ವಯಸ್ಕರಂತೆ ವಿಚಾರಣೆಯಾದವರಿಗೆ ಈ ರಕ್ಷಣೆಯಿಲ್ಲ. ಮುಗಿದ ಕೇಸಿನ ವಿವರವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆಡವಬಾರದು ಎಂದು 74ನೇ ಕಲಂ ಹೇಳುತ್ತದೆ. ಹಾಗಾದರೆ ಹದಿನೇಳೂವರೆ ವರ್ಷದಲ್ಲಿ ಮೋಟಾರ್ ಕದ್ದವನ ಹೆಸರು ಅಳಿಯುತ್ತದೆ, ಹದಿನೆಂಟೂವರೆಯಲ್ಲಿ ಇಸ್ಪೀಟು ಎಲೆ ಹಿಡಿದವನದು ಉಳಿಯುತ್ತದೆ. ಹುಟ್ಟುಹಬ್ಬದ ಆಚೆಗೆ ಕ್ಷಮೆ ಹಂತಹಂತವಾಗಿ ತಗ್ಗಲಿ, ಒಪ್ಪೋಣ. ಒಮ್ಮೆಲೇ ಸೊನ್ನೆಯಾಗುವುದಕ್ಕೆ ಕಾರಣ ಹೇಳುವುದು ಕಷ್ಟ.

ಹೈಕೋರ್ಟಿಗೆ ಕೇಸು ರದ್ದುಪಡಿಸುವ ಅಧಿಕಾರ ಇದೆಯಲ್ಲ, ಹೊಸ ಕಾಯ್ದೆ ಯಾಕೆ ಎಂದು ಕೇಳುವವರಿದ್ದಾರೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528, ಆ ಅಧಿಕಾರವನ್ನು ಗುರುತಿಸುತ್ತದೆ ನಿಜ. ಆದರೆ ಅದು ಇರುವುದು ಮುಖ್ಯವಾಗಿ ನಡೆಯಬಾರದ ಕೇಸನ್ನು ತಡೆಯುವುದಕ್ಕೆ. ನ್ಯಾಯವಾಗಿಯೇ ನಡೆದು, ಮುಗಿದು, ಹಳೆಯದಾದ ಶಿಕ್ಷೆಗೆ ಅದು ಮದ್ದಲ್ಲ. ಮೇಲಾಗಿ ಬಳ್ಳಾರಿ ಜಿಲ್ಲೆಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ. ಸಣ್ಣ ದಂಡದ ಕೇಸಿಗಾಗಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ವಕೀಲರನ್ನು ಹಿಡಿಯಿರಿ ಎಂದು ಕೂಲಿಯವನಿಗೆ ಹೇಳುವುದು ಪರಿಹಾರವೆನಿಸದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಕೆಲಸ ಕೊಡುವವನಿಗೆ, ಮನೆ ಬಾಡಿಗೆ ಕೊಡುವವನಿಗೆ ತಿಳಿಯುವ ಹಕ್ಕಿಲ್ಲವೇ? ದಾಖಲೆ ಅಳಿಸಿದರೆ ಅಪರಾಧಿಗಳು ಧೈರ್ಯಗೊಳ್ಳುವುದಿಲ್ಲವೇ? ಇದಕ್ಕೆ ಅಂಕಿಅಂಶದ ಉತ್ತರವಿದೆ. ಮಿಷಿಗನ್ ರಾಜ್ಯದಲ್ಲಿ ದಾಖಲೆ ಅಳಿಸಿಕೊಂಡವರನ್ನು ಪ್ರೆಸ್ಕಾಟ್ ಮತ್ತು ಸ್ಟಾರ್ ಎಂಬ ಕಾನೂನು ಪ್ರಾಧ್ಯಾಪಕರು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ಆ ಜನ ಮತ್ತೆ ಅಪರಾಧಕ್ಕೆ ಇಳಿದದ್ದು ತೀರಾ ಕಡಿಮೆ. ಒಂದು ವರ್ಷದೊಳಗೆ ಅವರ ಗಳಿಕೆ ಸರಾಸರಿ ಶೇ. 22ಕ್ಕೂ ಹೆಚ್ಚು ಏರಿತ್ತು. ಅರ್ಜಿ ಹಾಕುವವರೇ ಸುಧಾರಿಸಿದವರು, ಹಾಗಾಗಿ ಫಲಿತಾಂಶ ಚೆನ್ನಾಗಿದೆ ಎಂದು ಯಾರಾದರೂ ಹೇಳಬಹುದು. ಇರಲಿ. ಅಲ್ಲಿ ಅರ್ಜಿ ಹಾಕಲು ವರ್ಷಗಟ್ಟಲೆ ಕಾಯಲೇಬೇಕಿತ್ತು. ನಾವು ಬೇಡಬೇಕಾದ್ದೂ ಅದನ್ನೇ: ಮೊದಲು ಇಷ್ಟು ವರ್ಷ ಶುದ್ಧವಾಗಿ ಬಾಳಿ ತೋರಿಸು, ಆಮೇಲೆ ಅಳಿಸೋಣ. ಅದೇ ಅಧ್ಯಯನದ ಇನ್ನೊಂದು ಅಂಕಿ ನಮಗೆ ಹೆಚ್ಚು ಮುಖ್ಯ. ಅರ್ಹರಾದವರಲ್ಲಿ ಐದು ವರ್ಷದೊಳಗೆ ದಾಖಲೆ ಅಳಿಸಿಕೊಂಡವರು ಶೇ. 6.5 ಮಾತ್ರ. ಅರ್ಜಿ, ಶುಲ್ಕ, ವಕೀಲ, ಕೋರ್ಟಿನ ಓಡಾಟ ಉಳಿದವರನ್ನು ತಡೆದಿದ್ದವು. ಪೆನ್ಸಿಲ್ವೇನಿಯಾ 2018ರಲ್ಲಿ, ಅರ್ಜಿಯೇ ಇಲ್ಲದೆ ಕಂಪ್ಯೂಟರ್ ಮೂಲಕ ಸಣ್ಣ ದಾಖಲೆಗಳನ್ನು ಮುಚ್ಚುವ ಕಾನೂನು ತಂದದ್ದು ಈ ತೊಡಕನ್ನು ಕಂಡೇ. ನಮ್ಮ ಠಾಣೆಗಳ ದಾಖಲೆಯೂ ಈಗ ಕಂಪ್ಯೂಟರಿನಲ್ಲಿದೆ, ಕೋರ್ಟಿನ ಕೇಸು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿದರೆ ಸಿಗುತ್ತದೆ. ಹುಡುಕುವುದು ಇಷ್ಟು ಸುಲಭವಾದ ಮೇಲೆ, ಅವಧಿ ಮುಗಿದದ್ದನ್ನು ತಾನಾಗಿ ಮರೆಮಾಡುವುದು ದೊಡ್ಡ ಕೆಲಸವಲ್ಲ. ಲೈಂಗಿಕ ದೌರ್ಜನ್ಯ, ಲಂಚ, ಕೊಲೆ ಇವನ್ನು ಹೊರಗಿಡಬೇಕು. ಮಕ್ಕಳ ನಡುವೆ ದುಡಿಯುವ ಹುದ್ದೆಗಳಿಗೆ, ಬ್ರಿಟನ್ನಿನಂತೆ, ಹಳೆಯ ದಾಖಲೆಯೂ ಕಾಣುವಂತಿರಬೇಕು. ಚರಿತ್ರೆಯನ್ನೇ ತಿದ್ದಿದಂತಾಯಿತು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿಲ್ಲ. ನ್ಯಾಯಾಲಯದ ಕಡತ ನ್ಯಾಯಾಲಯದಲ್ಲೇ ಇರಲಿ, ನೌಕರಿಯ ಅರ್ಜಿಗೆ ಬಾರದಿದ್ದರೆ ಸಾಕು.

ಅಂಥ ಕಾಯ್ದೆ ಬರುವವರೆಗೆ ಇರುವ ಒಂದು ಬಾಗಿಲು 1958ರ ಅಪರಾಧಿಗಳ ಪ್ರೊಬೇಶನ್ ಕಾಯ್ದೆ. ಹಿಂದೆ ಶಿಕ್ಷೆಯಾಗಿರದವನು ಎರಡು ವರ್ಷ ಮೀರದ ಶಿಕ್ಷೆಯ ಅಪರಾಧ ಮಾಡಿದ್ದರೆ, 3ನೇ ಕಲಮಿನಡಿ ನ್ಯಾಯಾಧೀಶರು ಬುದ್ಧಿ ಹೇಳಿ ಬಿಡಬಹುದು; ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಅಂಟುವ ಅನರ್ಹತೆ ಅಂಟದು ಎಂದು 12ನೇ ಕಲಂ ಹೇಳುತ್ತದೆ. ದೋಷಿ ಎಂಬ ತೀರ್ಮಾನ ಇದರಿಂದ ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರ ಬಕ್ಷಿ ರಾಮ್ ಪ್ರಕರಣದಲ್ಲಿ ಎಚ್ಚರಿಸಿದೆ, ಆದ್ದರಿಂದ ಇದು ಅರ್ಧ ಬಾಗಿಲು. ಆದರೂ ಜೂಜಿನ ಕೇಸಿನ ಹುಡುಗನಿಗೆ ದಂಡದ ರಸೀದಿಗಿಂತ ಇದೇ ಮೇಲು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿದರೆ ಪರಿಶಿಷ್ಟರಿಗೂ, ಹೆಣ್ಣುಮಕ್ಕಳಿಗೂ, ಆದಾಯ ಮಿತಿಯೊಳಗಿನ ಬಡವರಿಗೂ ಪುಕ್ಕಟೆ ವಕೀಲರು ಸಿಗುತ್ತಾರೆ. ಪ್ರೊಬೇಶನ್ ಬೇಕೆಂದು ಆ ವಕೀಲರು ಕೇಳಲು ಸರಿಯಾದ ಹೊತ್ತು, ನ್ಯಾಯಾಧೀಶರು ದೋಷಿ ಎಂದ ಮೇಲೆ, ದಂಡದ ಮೊತ್ತ ಹೇಳುವ ಮೊದಲು.