ಮಂಡಿಯ ಮುಂಗಡ ಮತ್ತು ನಂಬಿಕೆಯ ಲೆಕ್ಕ

ಮಂಡ್ಯದ ಎಪಿಎಂಸಿಗೆ ಅಚ್ಚು, ಬಕೆಟ್, ಕುರಿಕಾಟು ಎಂದು ಬಗೆಬಗೆಯ ಬೆಲ್ಲ ಬರುತ್ತದೆ. ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಆ ಹೊಂಬಣ್ಣ ಒಳ್ಳೆಯ ಕಬ್ಬು, ಹದವಾದ ಪಾಕದಿಂದ ಬಂದದ್ದೋ, ಕೊಪ್ಪರಿಗೆಗೆ ಹಾಕಿದ ಹೈಡ್ರೋಸ್ ಎಂಬ ರಾಸಾಯನಿಕದಿಂದ ಬಂದದ್ದೋ ಎನ್ನುವುದು ಆಲೆಮನೆಯವನಿಗೆ ಗೊತ್ತು. ದೂರದೂರಿನ ಖರೀದಿದಾರನಿಗೆ ಗೊತ್ತಾಗುವುದಿಲ್ಲ. ಇಂಥ ಪೇಟೆಗೆ ಏನಾಗುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ವ್ಯಾಪಾರದ ಉದಾಹರಣೆಯಿಂದ ವಿವರಿಸಿದರು. ಕೊಳ್ಳುವವನು ಅನುಮಾನಪಟ್ಟು ದರ ಇಳಿಸುತ್ತಾನೆ, ಆ ದರ ಗಿಟ್ಟದೆ ಒಳ್ಳೆಯ ಮಾಲಿನವನು ಹಿಂದೆ ಸರಿಯುತ್ತಾನೆ, ಕಳಪೆಯೇ ಉಳಿಯುತ್ತದೆ.

ಬೆಲ್ಲದ ಪೇಟೆ ಹಾಗಾಗದಂತೆ ತಡೆಯುವುದರಲ್ಲಿ, ರೈತರ ಮಾಲು ಮಾರಿಸಿಕೊಡುವ ಮಂಡಿಯವರ ಹೆಸರಿನ ಪಾತ್ರ ದೊಡ್ಡದು. ಇವತ್ತು ಕಳಪೆ ದಾಟಿಸಿದವರು ಮುಂದಿನ ಸಂತೆಗೆ ಅದೇ ಖರೀದಿದಾರನಿಗೆ ಮುಖ ತೋರಿಸಬೇಕು. 1995ರಲ್ಲಿ ಬರ್ಗ್, ಡಿಕಾಟ್, ಮೆಕೇಬ್ ಎಂಬ ಅಮೆರಿಕದ ಸಂಶೋಧಕರು ಪರಸ್ಪರ ಗುರುತಿಲ್ಲದವರ ನಡುವೆ ಒಂದು ಪ್ರಯೋಗ ಮಾಡಿದರು. ಒಬ್ಬರಿಗೆ 10 ಡಾಲರ್. ಅದರಲ್ಲಿ ಕಳಿಸಿದ್ದು ಇನ್ನೊಬ್ಬರ ಕೈಯಲ್ಲಿ ಮೂರುಪಟ್ಟು. ಅವರು ಎಷ್ಟಾದರೂ ಹಿಂದಿರುಗಿಸಬಹುದು, ಏನೂ ಕೊಡದೆಯೂ ಇರಬಹುದು. 32 ಮಂದಿಯಲ್ಲಿ 30 ಮಂದಿ ಹಣ ಕಳಿಸಿದರು. ಆದರೆ ಸರಾಸರಿ ಮರಳಿದ್ದು ಕಳಿಸಿದ್ದಕ್ಕಿಂತ ತುಸು ಕಡಿಮೆ! ಒಂದೇ ಸಲದ ಭೇಟಿಯಲ್ಲೂ ಮನುಷ್ಯ ನಂಬುತ್ತಾನೆ, ಆ ನಂಬಿಕೆ ಗಿಟ್ಟಬೇಕಾದರೆ ಮತ್ತೆ ಮತ್ತೆ ಮುಖಾಮುಖಿಯಾಗಬೇಕು.

ತೊಡಕು ಶುರುವಾಗುವುದು ಮುಂಗಡದಿಂದ. ಮಗಳ ಮದುವೆಗೋ ಬೋರ್‌ವೆಲ್‌ಗೋ ಮಂಡಿಯಿಂದ ದುಡ್ಡು ತಂದವರು ಬೆಲ್ಲವನ್ನೂ ಅಲ್ಲಿಗೇ ಹಾಕಬೇಕು. ಬಡ್ಡಿ ಬಾಯಲ್ಲಿ ಕೇಳದಿದ್ದರೂ ದರದಲ್ಲೋ ತೂಕದಲ್ಲೋ ಅದು ವಸೂಲಾಗಬಹುದು. ಸಾಲ ಮತ್ತು ಮಾರಾಟ ಹೀಗೆ ಒಂದಕ್ಕೊಂದು ಗಂಟುಬೀಳುವುದನ್ನು ಪ್ರಣಬ್ ಬರ್ಧನ್ ಮೊದಲಾದ ಅರ್ಥಶಾಸ್ತ್ರಜ್ಞರು ಆಳವಾಗಿ ಅಧ್ಯಯನ ಮಾಡಿದ್ದಾರೆ. ಇದನ್ನು ಬರೀ ದುರಾಸೆ ಎನ್ನಲಾಗದು. ಅಡಮಾನವಿಲ್ಲದೆ, ಬೆಳೆ ನೋಡಿ ಸಾಲ ಕೊಡುವವರು ಬೇರೆ ಎಷ್ಟು ಜನ ಇದ್ದಾರೆ? ಆದರೂ ಮುಂದಿನ ಗಾಡಿಯನ್ನು ಪಕ್ಕದ ಮಂಡಿಗೆ ಹೊಡೆಯುವ ಸ್ವಾತಂತ್ರ್ಯ ಹೋದ ಮೇಲೆ ಉಳಿಯುವುದನ್ನು ನಂಬಿಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಾಲದ ಪುಸ್ತಕ ಬೇರೆ, ಮಾರಾಟದ ಬಿಲ್ಲು ಬೇರೆ ಇರಬೇಕು. ಲೆಕ್ಕಕ್ಕೆ ಸಿಗದ ಬಿಳಿ ಚೀಟಿಯಂತೂ ಬೇಡವೇ ಬೇಡ.

ಮದ್ದೂರು, ಮಳವಳ್ಳಿ ಕಡೆಯ ಹಳ್ಳಿ ಡೈರಿಗಳು ನಂಟು ಬೇರೆ, ಲೆಕ್ಕ ಬೇರೆ ಎಂಬ ಗೆರೆಯನ್ನು ಚೆನ್ನಾಗಿ ಎಳೆದಿವೆ. ಕಾರ್ಯದರ್ಶಿ ಸ್ವಂತ ಭಾವನೇ ಇರಬಹುದು, ಫ್ಯಾಟ್ ಹೇಳುವುದು ಮಾತ್ರ ಯಂತ್ರ. "ಯಾಕ್ ಭಾವ, ಇವತ್ತು ಫ್ಯಾಟ್ ಕಮ್ಮಿ ಬಂದದೆ?" ಎಂದು ಕೇಳಿದರೂ ಮನಸ್ತಾಪವಿಲ್ಲ, ಸಂಬಂಧಕ್ಕೆ ಅಳತೆಯ ಹೊರೆ ಬೀಳುವುದಿಲ್ಲ.

ಕಟ್ಟಿಹಾಕುವ ನಂಟು ಈ ಸೀಮೆಗೆ ಹೊಸದಲ್ಲ. ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು 1950ರ ದಶಕದಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವುಗಳನ್ನು ವಂಗಲ, ದಲೇನ ಎಂದು ಕರೆದರು; 1962ರಲ್ಲಿ ಅವರ ಪುಸ್ತಕ ಬಂತು. ನಾಲೆ ನೀರು ಸಿಕ್ಕ ವಂಗಲದಲ್ಲಿ ಒಡೆಯ-ಆಳಿನ ವಂಶಪಾರಂಪರ್ಯ ನಂಟು ಉಳಿಯಿತು. ನೀರು ಸಿಗದ ದಲೇನದವರು ಮಂಡ್ಯದಲ್ಲಿ ಕೆಲಸ, ವ್ಯಾಪಾರ ಹುಡುಕಿಕೊಂಡರು. ಅಲ್ಲಿ ಹಳೆಯ ನಂಟು ಸಡಿಲವಾಯಿತು. ಮೇಲುಮೇಲಿನ ಪರಿಚಯಗಳೇ ಹೊಸ ಅವಕಾಶ ತರುತ್ತವೆಂದು 1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬರೆದದ್ದನ್ನು ಓದುವಾಗ ನನಗೆ ದಲೇನ ನೆನಪಾಗುತ್ತದೆ. ಆದರೆ ಹಳೆಯ ನಂಟಿನಲ್ಲಿ ಬೆಳೆ ಕೈಕೊಟ್ಟ ವರ್ಷವೂ ಆಳಿಗೆ ಕಾಳು ಸಿಗುತ್ತಿತ್ತು ಎಂಬುದನ್ನೂ ಎಪ್‌ಸ್ಟೈನ್ ಗುರುತಿಸಿದ್ದರು. ಇವತ್ತು ಸೊಸೈಟಿ ಸಾಲ ಸಮಯಕ್ಕೆ ಸಿಗದಿದ್ದರೆ, ಮಂಡಿಯ ಮುಂಗಡ ಬೇಡ ಎನ್ನುವ ಧೈರ್ಯ ಯಾವ ರೈತನಿಗೂ ಬರುವುದಿಲ್ಲ.